ಬತ್ತಿದ ಕೆರೆಯ ನೀರು ಎಲ್ಲಿಗೆ ಹೋಯಿತು?

ನೀರಿಗೆ ಮೂರು ಸ್ಥಿತಿಗಳು: ಘನ, ದ್ರವ, ಅನಿಲ. ಪ್ರಾಥಮಿಕ ಶಾಲೆಯ ಯಾವ ಮಗುವನ್ನು ಕೇಳಿದರೂ ಈ ಉತ್ತರ ಬಾಯಿಪಾಠವಾಗಿ ಬರುತ್ತದೆ. ಆದರೆ ಬೇಸಿಗೆಯಲ್ಲಿ ಬತ್ತಿದ ಕೆರೆಯನ್ನು ತೋರಿಸಿ ‘ಇಲ್ಲಿದ್ದ ನೀರು ಎಲ್ಲಿಗೆ ಹೋಯಿತು?’ ಎಂದು ಕೇಳಿದರೆ ಉತ್ತರ ಅಷ್ಟು ಸಲೀಸಾಗಿ ಬರುವುದಿಲ್ಲ. ಕಡೂರು, ತರೀಕೆರೆ, ಅಜ್ಜಂಪುರದ ಮಟ್ಟಿಗೆ ಇದು ಪರೀಕ್ಷೆಯ ಪ್ರಶ್ನೆ ಮಾತ್ರವಲ್ಲ, ಬದುಕಿನ ಪ್ರಶ್ನೆಯೂ ಹೌದು.

ಮಕ್ಕಳಿಗೆ ನೀರಿನ ಪಾಠ ಹೇಳುವ ಪ್ರಯತ್ನಕ್ಕೆ ಎರಡು ಶತಮಾನಗಳಿಗೂ ಮಿಕ್ಕ ಇತಿಹಾಸವಿದೆ. 1806ರಲ್ಲಿ ಇಂಗ್ಲೆಂಡಿನ ಜೇನ್ ಮಾರ್ಸೆಟ್ ಎಂಬ ಮಹಿಳೆ ಶಿಕ್ಷಕಿ ಮತ್ತು ಇಬ್ಬರು ಹುಡುಗಿಯರ ಸಂಭಾಷಣೆಯ ರೂಪದಲ್ಲಿ ರಸಾಯನಶಾಸ್ತ್ರದ ಪುಸ್ತಕವೊಂದನ್ನು ಹೊರತಂದರು. ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದ ಬಡ ಹುಡುಗನೊಬ್ಬ ಅದನ್ನು ಓದಿ ವಿಜ್ಞಾನದತ್ತ ತಿರುಗಿದ. ಮುಂದೆ ಜಗತ್ಪ್ರಸಿದ್ಧನಾದ ಮೈಕೆಲ್ ಫ್ಯಾರಡೆ ಆತನೇ. 1860-61ರ ಕ್ರಿಸ್‌ಮಸ್ ಸಮಯದಲ್ಲಿ ಲಂಡನ್ನಿನಲ್ಲಿ ಮಕ್ಕಳಿಗೆಂದೇ ನೀಡಿದ ಉಪನ್ಯಾಸಗಳಲ್ಲಿ ಫ್ಯಾರಡೆ ಎರಕದ ಕಬ್ಬಿಣದ ದಪ್ಪ ಸೀಸೆಗಳಲ್ಲಿ ನೀರು ತುಂಬಿ, ಅದನ್ನು ಹೆಪ್ಪುಗಟ್ಟಿಸಿ, ಸೀಸೆಗಳು ಒಡೆಯುವುದನ್ನು ತೋರಿಸಿದರು. ನೀರು ಮಂಜುಗಡ್ಡೆಯಾಗುವಾಗ ಶೇ 9ರಷ್ಟು ಹಿಗ್ಗುತ್ತದೆ ಎಂಬುದನ್ನು ಮಕ್ಕಳು ಕಣ್ಣಾರೆ ಕಂಡರು.

ಇನ್ನೊಂದು ಹೆಜ್ಜೆ ಮುಂದೆ ಹೋದವರು ಟಿ.ಎಚ್. ಹಕ್ಸ್‌ಲಿ. 1869ರ ಉಪನ್ಯಾಸಗಳನ್ನು ಆಧರಿಸಿ 1877ರಲ್ಲಿ ಅವರು ಪ್ರಕಟಿಸಿದ ‘ಫಿಸಿಯೋಗ್ರಫಿ’ ಪುಸ್ತಕ ವ್ಯಾಖ್ಯೆಗಳಿಂದ ಆರಂಭವಾಗುವುದಿಲ್ಲ. ಲಂಡನ್ ಸೇತುವೆಯ ಕೆಳಗೆ ಹರಿಯುವ ಥೇಮ್ಸ್ ನದಿಯಿಂದ ಆರಂಭವಾಗುತ್ತದೆ. ಈ ನೀರು ಎಲ್ಲಿಂದ ಬಂತು ಎಂದು ಕೇಳುತ್ತಾ ಬುಗ್ಗೆ, ಮಳೆ, ಆವಿ, ಹಿಮಗಳತ್ತ ಸಾಗುತ್ತದೆ. ಶಿಕ್ಷಕರು ತಮ್ಮ ತಮ್ಮ ಊರಿನ ಪರಿಸರವನ್ನೇ ಹೀಗೆ ಬಳಸಿಕೊಳ್ಳಬಹುದು ಎಂಬುದು ಹಕ್ಸ್‌ಲಿಯ ಆಶಯವಾಗಿತ್ತು.

ಪಾಠ ನಮ್ಮ ದೇಶಕ್ಕೆ ಬಂತು. ಆಶಯ ಹಿಂದೆಯೇ ಉಳಿಯಿತು. ಹೆಪ್ಪುಗಟ್ಟಿದ ಸರೋವರ, ಹಿಮ ಮುಚ್ಚಿದ ಮನೆ ಮೊದಲಾದ ಚಳಿದೇಶದ ಉದಾಹರಣೆಗಳೇ ಪುಸ್ತಕಗಳಲ್ಲಿ ಮುಂದುವರಿದವು. ದಕ್ಷಿಣ ಭಾರತದಲ್ಲಿ ಒಂದು ಕಾಲಕ್ಕೆ ಮಂಜುಗಡ್ಡೆ ಹಡಗಿನಲ್ಲಿ ಬರುತ್ತಿದ್ದ ವಸ್ತು. 1833ರಲ್ಲಿ ಅಮೆರಿಕದ ಬಾಸ್ಟನ್‌ನಿಂದ ಸುಮಾರು 180 ಟನ್ ಮಂಜುಗಡ್ಡೆ ಹೊತ್ತು ಹೊರಟ ಹಡಗು ನಾಲ್ಕು ತಿಂಗಳ ನಂತರ ಕಲ್ಕತ್ತ ತಲುಪಿದಾಗ ಸುಮಾರು 100 ಟನ್ ಉಳಿದಿತ್ತು. ಮದರಾಸಿನ ಕಡಲತೀರದಲ್ಲೂ ಇದಕ್ಕಾಗಿ ‘ಐಸ್ ಹೌಸ್’ ಕಟ್ಟಲಾಯಿತು. ಅದೇ ಇಂದಿನ ವಿವೇಕಾನಂದರ್ ಇಲ್ಲಂ. ಕಡೂರಿನ ಬಯಲಿನ ಮಗುವಿಗೆ ಆಗ ಗೊತ್ತಿದ್ದ ಘನರೂಪದ ನೀರು ಒಂದೇ: ಮುಂಗಾರಿಗೆ ಮುನ್ನ ಗುಡುಗಿನ ಜೊತೆ ಅಂಗಳಕ್ಕೆ ಬೀಳುವ ಆಲಿಕಲ್ಲು.

ರೈಲು ತಂದ ಹಬೆ

ಹಬೆಯ ಬಲವನ್ನು ಈ ಸೀಮೆ ಕಂಡದ್ದು ರೈಲಿನ ಮೂಲಕ. 1889ರ ವೇಳೆಗೆ ಬೆಂಗಳೂರು–ಹರಿಹರ ಮಾರ್ಗ ಕಡೂರು, ಬೀರೂರು, ಅಜ್ಜಂಪುರಗಳನ್ನು ಹಾದುಹೋಯಿತು. 1899ರಲ್ಲಿ ಬೀರೂರಿನಿಂದ ತರೀಕೆರೆಯ ಮೂಲಕ ಶಿವಮೊಗ್ಗಕ್ಕೆ ಹಳಿ ಬಂತು. ನಿಲ್ದಾಣದಲ್ಲಿ ನೀರು ಕುಡಿದು ಮುಂದಕ್ಕೆ ಹೊರಡುತ್ತಿದ್ದ ಎಂಜಿನ್ ಊರಿನ ಮಕ್ಕಳಿಗೆ ಓಡುವ ಪ್ರಯೋಗಶಾಲೆಯೇ ಆಗಿತ್ತು. ಕುದಿಬಿಂದುವಿನಲ್ಲಿ ಒಂದು ಲೀಟರ್ ನೀರು ಪೂರ್ತಿ ಹಬೆಯಾದರೆ ಸುಮಾರು 1,700 ಲೀಟರ್ ಜಾಗ ಬೇಡುತ್ತದೆ. ಆ ಒತ್ತಡವೇ ಚಕ್ರ ತಿರುಗಿಸುತ್ತಿದ್ದುದು.

ಇಲ್ಲೊಂದು ಸೂಕ್ಷ್ಮವಿದೆ. ಎಂಜಿನ್ನಿನ ಮೇಲೆ, ಇಡ್ಲಿ ಪಾತ್ರೆಯ ಮೇಲೆ ಬೆಳ್ಳಗೆ ಕಾಣುವುದು ಅನಿಲವಲ್ಲ. ನೀರಾವಿ ಕಣ್ಣಿಗೆ ಕಾಣುವುದಿಲ್ಲ. ಅದು ತಣಿದು ಮತ್ತೆ ಸಣ್ಣ ಹನಿಗಳಾದಾಗ ಮಾತ್ರ ಬಿಳಿಯಾಗಿ ಕಾಣುತ್ತದೆ. ಮೋಡವೂ ಹಾಗೆಯೇ, ಕೆಮ್ಮಣ್ಣುಗುಂಡಿಯಲ್ಲಿ ಎದುರಿಗಿರುವವರನ್ನೂ ಮರೆಮಾಡುವ ಮಂಜೂ ಹಾಗೆಯೇ. ನ್ಯೂಜಿಲೆಂಡಿನಲ್ಲಿ ಶಾಲಾ ಮಕ್ಕಳ ತಿಳಿವಳಿಕೆಯನ್ನು ಪರಿಶೀಲಿಸಿ 1983ರಲ್ಲಿ ಪ್ರಕಟವಾದ ಅಧ್ಯಯನವೊಂದು, ಕುದಿಯುವ ನೀರಿನ ಗುಳ್ಳೆಗಳಲ್ಲಿ ಇರುವುದು ಗಾಳಿ ಎಂದೋ ಶಾಖ ಎಂದೋ ನಂಬಿದ ಮಕ್ಕಳು ಎಷ್ಟೋ ಮಂದಿ ಎಂದು ತೋರಿಸಿತು. ಗುಳ್ಳೆಯೊಳಗಿರುವುದು ನೀರೇ, ಆವಿಯ ರೂಪದಲ್ಲಿ.

ಬೆಟ್ಟದ ಆಚೆ, ಈಚೆ

ಅರಬ್ಬೀ ಸಮುದ್ರದಿಂದ ಆವಿ ಹೊತ್ತು ಬರುವ ಮುಂಗಾರು ಗಾಳಿ ಮಲೆನಾಡಿನ ಬೆಟ್ಟಗಳನ್ನು ಏರುತ್ತಾ ತಣ್ಣಗಾಗುತ್ತದೆ. ಆವಿ ಹನಿಯಾಗಿ ಅಲ್ಲೇ ಸುರಿಯುತ್ತದೆ. ಬೆಟ್ಟ ದಾಟಿ ಇಳಿಯುವ ಗಾಳಿ ಮತ್ತೆ ಬಿಸಿಯಾಗುತ್ತದೆ. ಅದರಲ್ಲಿ ಮಳೆಯಾಗುವಷ್ಟು ಆವಿ ಉಳಿದಿರುವುದಿಲ್ಲ. ಹೀಗಾಗಿ ತರೀಕೆರೆಯ ಪಶ್ಚಿಮ ಭಾಗ ಹಸಿರು ಕಾಡು. ಪೂರ್ವಕ್ಕಿರುವ ಕಡೂರು, ಹಿಂದೆ ತರೀಕೆರೆ ತಾಲ್ಲೂಕಿಗೇ ಸೇರಿದ್ದ ಅಜ್ಜಂಪುರ ಮಳೆನೆರಳಿನ ಬಯಲು. ಕೆಲವೇ ಮೈಲಿಗಳ ಅಂತರದಲ್ಲಿ ಇಷ್ಟು ವ್ಯತ್ಯಾಸಕ್ಕೆ ಕಾರಣ ನೀರಿನ ಸ್ಥಿತಿ ಬದಲಾಗುವ ಜಾಗ.

ಬಯಲಿನ ಹಿರಿಯರು ಇದಕ್ಕೆ ಕಂಡುಕೊಂಡ ಉತ್ತರ ಕೆರೆ. ಗಿರಿಶ್ರೇಣಿಯ ಪೂರ್ವದಲ್ಲಿ ಹುಟ್ಟುವ ವೇದಾ ನದಿಯ ನೀರು ಸಖರಾಯಪಟ್ಟಣದ ಬಳಿ ಅಯ್ಯನಕೆರೆಯಾಗಿ ನಿಲ್ಲುತ್ತದೆ. ಅವತಿಯ ನೀರು ಮದಗದ ಕೆರೆಯಾಗುತ್ತದೆ. ಎರಡೂ ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ.

ಆದರೆ ನಿಂತ ನೀರನ್ನು ಬಿಸಿಲು ಬಿಡುವುದಿಲ್ಲ. ದಖ್ಖನ್ನಿನ ಒಣ ಬಯಲಿನಲ್ಲಿ ತೆರೆದ ಕೆರೆಯಿಂದ ವರ್ಷಕ್ಕೆ ಸುಮಾರು ಒಂದೂವರೆಯಿಂದ ಎರಡು ಮೀಟರ್ ಆಳದಷ್ಟು ನೀರು ಆವಿಯಾಗಿ ಹೋಗುತ್ತದೆ. ಇದಕ್ಕೆ ನೀರು ಕುದಿಯಬೇಕಿಲ್ಲ. ಬಿಸಿಲು, ಒಣಗಾಳಿ ಸಾಕು. ಆರು ಮೀಟರ್ ಆಳದ ಕೆರೆಗೆ ಈ ನಷ್ಟ ಸಹ್ಯ. ಹೂಳು ತುಂಬಿ ಎರಡು ಮೀಟರ್ ಆಳ ಉಳಿದ ಕೆರೆಗೆ ಅದು ಸರ್ವಸ್ವ. ಹೂಳೆತ್ತುವುದು ಏಕೆ ಅಗತ್ಯ ಎಂಬುದಕ್ಕೆ ನೀರು ಹೆಚ್ಚು ಹಿಡಿಯುತ್ತದೆ ಎಂಬುದು ಅರ್ಧ ಉತ್ತರ. ಅಷ್ಟೇ ನೀರನ್ನು ಕಿರಿದಾದ ಮೇಲ್ಮೈಯಲ್ಲಿ, ಆಳವಾಗಿ ಇರಿಸಿದರೆ ಬಿಸಿಲಿನ ಪಾಲು ಕಡಿಮೆಯಾಗುತ್ತದೆ ಎಂಬುದು ಉಳಿದರ್ಧ. ನಾಳೆ ಗ್ರಾಮಸಭೆಯಲ್ಲಿ ಕೂರುವ ಮಗುವಿಗೆ ಇದು ತಿಳಿದಿರಬೇಕು.

ಕನ್ನಡದಲ್ಲಿ ಇಂಥ ಕಲಿಕೆಗೆ ಪರಂಪರೆಯ ಕೊರತೆಯಿಲ್ಲ. ಶಿವರಾಮ ಕಾರಂತರು 1936ರಲ್ಲೇ ಮೂರು ಸಂಪುಟಗಳ ‘ಬಾಲಪ್ರಪಂಚ’ ಕೊಟ್ಟರು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಮಕ್ಕಳಿಗಾಗಿ ‘ಬಾಲ ವಿಜ್ಞಾನ’ ಮಾಸಪತ್ರಿಕೆ ತಂದಿತು. ಶಾಲೆಯ ಜ್ಞಾನವನ್ನು ಹೊರಗಿನ ಬದುಕಿಗೆ ಜೋಡಿಸಬೇಕು ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸಹ ಹೇಳಿದೆ.

ಇದಕ್ಕೆ ದುಬಾರಿ ಉಪಕರಣ ಬೇಡ. ಹವಾಮಾನ ಕೇಂದ್ರಗಳು ಆವಿಯಾಗುವ ನೀರನ್ನು ಅಳೆಯುವುದು ಅಗಲವಾದ ಒಂದು ಲೋಹದ ತೊಟ್ಟಿಯಿಂದ. ಶಾಲೆಯ ಅಂಗಳದಲ್ಲೂ ಒಂದು ಅಗಲವಾದ ಪಾತ್ರೆಯಲ್ಲಿ ನೀರಿಟ್ಟು, ದಿನಕ್ಕೆ ಎಷ್ಟು ಮಿಲಿಮೀಟರ್ ಇಳಿಯಿತು ಎಂದು ಮಕ್ಕಳೇ ಬರೆದಿಡಬಹುದು. ಮಾರ್ಚ್ ತಿಂಗಳ ಆ ಲೆಕ್ಕವನ್ನು ಊರ ಕೆರೆಯ ಪಕ್ಕದಲ್ಲಿಟ್ಟು ನೋಡಿದರೆ, ನೀರು ಎಲ್ಲಿಗೆ ಹೋಯಿತು ಎಂಬ ಪ್ರಶ್ನೆಗೆ ಉತ್ತರವನ್ನು ಮಕ್ಕಳೇ ಹೇಳುತ್ತಾರೆ.