ಗೂಢ ಪದಬಂಧ

ಗೂಢ ಪದಬಂಧ: ಚೌಕಮನೆಗಳಲ್ಲಿ ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ ಪದ ತುಂಬಿಸುವ ಆಟದ ಒಂದು ಬಗೆ. ಸಾಮಾನ್ಯ ಪದಬಂಧದಲ್ಲಿ ಸುಳಿವು ಪದದ ಅರ್ಥವನ್ನು ನೇರವಾಗಿ ಹೇಳುತ್ತದೆ. ಗೂಢ ಪದಬಂಧದ ಸುಳಿವು ಮೇಲ್ನೋಟಕ್ಕೆ ಒಂದು ಮಾತಾಡುತ್ತ ಒಳಗೆ ಇನ್ನೊಂದನ್ನು ಬಚ್ಚಿಟ್ಟಿರುತ್ತದೆ. ಈ ಆಟದ ಚೌಕ ಕನ್ನಡಕ್ಕೆ ಹೊರಗಿನಿಂದ ಬಂದದ್ದು. ಸುಳಿವು ಕಟ್ಟುವ, ಬಿಡಿಸುವ ರೂಢಿ ಇಲ್ಲಿ ಬಹಳ ಹಳೆಯದು.

ಮೊದಲ ಪದಬಂಧವೆಂದು ಗುರುತಿಸಲಾಗುವ ಆರ್ಥರ್ ವಿನ್ ಅವರ ವಜ್ರಾಕೃತಿಯ ಆಟ 1913ರ ಡಿಸೆಂಬರ್ 21ರಂದು 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಯಲ್ಲಿ ಅಚ್ಚಾಯಿತು. ಅದಕ್ಕೆ ಗೂಢತೆ ಬೆರೆತದ್ದು ಇಂಗ್ಲೆಂಡಿನಲ್ಲಿ. 'ಟಾರ್ಕೆಮಾಡಾ' ಎಂಬ ಗುಪ್ತನಾಮದ ಎಡ್ವರ್ಡ್ ಪೊವಿಸ್ ಮೇದರ್ಸ್ 1926ರಿಂದ 'ಅಬ್ಸರ್ವರ್' ಪತ್ರಿಕೆಗೆ ಸುಳಿವುಗಳನ್ನು ಕಟ್ಟಿದರು. ಅವರ ನಂತರ ಬಂದ 'ಕ್ಸಿಮೆನಿಸ್', ಅಂದರೆ ಡಿ. ಎಸ್. ಮ್ಯಾಕ್‌ನಟ್, 1966ರ ತಮ್ಮ ಪುಸ್ತಕದಲ್ಲಿ ನ್ಯಾಯದ ಸುಳಿವು ಯಾವುದೆಂದು ವಿವರಿಸಿದರು: ಪದದ ಅರ್ಥ ಇರಬೇಕು, ಪದ ಕಟ್ಟುವ ದಾರಿ ಇರಬೇಕು, ಬೇರೇನೂ ಇರಬಾರದು. ಭಾರತದಲ್ಲಿ 'ದಿ ಹಿಂದೂ' ಪತ್ರಿಕೆಗೆ 1971ರಿಂದ ಪದಬಂಧ ರಚಿಸಿದವರು ನೌಕಾಪಡೆಯ ಮೊದಲ ಭಾರತೀಯ ಮುಖ್ಯಸ್ಥರಾಗಿದ್ದ ರಾಮದಾಸ್ ಕಟಾರಿ. 2013ರಲ್ಲಿ ಶುರುವಾದ ಇಂಡಿಯನ್ ಕ್ರಾಸ್‌ವರ್ಡ್ ಲೀಗ್‌ನ ಅಂತಿಮ ಸುತ್ತುಗಳು ಬೆಂಗಳೂರಿನಲ್ಲಿ ನಡೆದಿವೆ. ಆದರೆ ಅಲ್ಲಿನ ಆಟವೆಲ್ಲ ಇಂಗ್ಲಿಷಿನದು.

ಕನ್ನಡದ ದಾರಿ ಬೇರೆ ಕಡೆಯಿಂದ ಬರುತ್ತದೆ. 'ಕವಿರಾಜಮಾರ್ಗ'ಕ್ಕೆ ಆಧಾರವಾದ 'ಕಾವ್ಯಾದರ್ಶ'ದಲ್ಲಿ ದಂಡಿ ಹದಿನಾರು ಬಗೆಯ ಪ್ರಹೇಳಿಕೆಗಳನ್ನು, ಅಂದರೆ ಒಗಟುಗಳನ್ನು, ಎಣಿಸುತ್ತಾನೆ. ಅವುಗಳ ಉಪಯೋಗವನ್ನೂ ಹೇಳುತ್ತಾನೆ: ಗೋಷ್ಠಿಯಲ್ಲಿ ವಿನೋದಕ್ಕೆ, ಜನಸಂದಣಿಯ ನಡುವೆ ಬಲ್ಲವರು ಗುಟ್ಟಾಗಿ ಮಾತಾಡಿಕೊಳ್ಳುವುದಕ್ಕೆ, ಮಿಕ್ಕವರನ್ನು ಗೊಂದಲಕ್ಕೆ ಕೆಡವುವುದಕ್ಕೆ. ಪದಬಂಧದ ಗೆಳೆಯರ ಕೂಟಕ್ಕೆ ಇದಕ್ಕಿಂತ ಹತ್ತಿರದ ವರ್ಣನೆ ಸಿಗುವುದು ಕಷ್ಟ. 12ನೆಯ ಶತಮಾನದ ಅಲ್ಲಮಪ್ರಭುವಿನ ಬೆಡಗಿನ ವಚನಗಳು, ಅಂದರೆ ಒಗಟಿನಂಥ ವಚನಗಳು, ಒಬ್ಬರೇ ಕೂತು ಬಿಡಿಸುವಂಥವಲ್ಲ. 15ನೆಯ ಶತಮಾನದಲ್ಲಿ, ಪ್ರೌಢದೇವರಾಯನ ಕಾಲದ ಆಸುಪಾಸಿನಲ್ಲಿ, ವಚನಗಳನ್ನು ಸಂಕಲಿಸಿದವರು ಇಂಥವಕ್ಕೆ ಟೀಕೆ ಬರೆದರು. ಬಿಡಿಸಿದವನು ಬಿಡಿಸಲಾರದವನಿಗೆ ನೀಡಿದ ನೆರವು ಅದು. ಕನಕದಾಸರ ಮುಂಡಿಗೆಗಳೆಂಬ ಒಗಟಿನ ಹಾಡುಗಳೂ ಅದೇ ಸಾಲಿನವು. ಆ ಹೆಸರನ್ನೇ ನೋಡಿ: ಕ-ನ-ಕ, ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ.

ಚಿಕ್ಕಮಗಳೂರು ಸೀಮೆಗೂ ಇದರಲ್ಲಿ ಪಾಲಿದೆ. ಶ್ಲೇಷೆ, ಉಪಮೆಗಳಿಗೆ ಹೆಸರಾದ 'ಜೈಮಿನಿ ಭಾರತ'ದ ಲಕ್ಷ್ಮೀಶನ ಊರೆಂದು ಪ್ರಸಿದ್ಧವಾದದ್ದು ಕಡೂರು ತಾಲ್ಲೂಕಿನ ದೇವನೂರು. ಒಂದೇ ಪದವನ್ನು ಎರಡು ಕಡೆಗೆ ತಿರುಗಿಸುವ ಕಲೆ ಕಾಫಿ ಗುಡ್ಡಗಳ ಮಗ್ಗುಲಲ್ಲೇ ಬೆಳೆದಿತ್ತು.

ಕನ್ನಡದ ಚೌಕದಲ್ಲಿ ಒಂದು ಮನೆಗೆ ಒಂದು ಅಕ್ಷರ, ಕಾಗುಣಿತ, ಒತ್ತು, ಅನುಸ್ವಾರ ಸಮೇತ. ಬಾಬಾಬುಡನ್‌ಗಿರಿ ದಾರಿಯ ಅತ್ತಿಗುಂಡಿ ನಾಲ್ಕು ಮನೆ ಹಿಡಿಯುತ್ತದೆ: ಅ, ತ್ತಿ, ಗುಂ, ಡಿ. ಎರಡನೆಯ ಮನೆಯನ್ನು ಹಾದುಹೋಗುವ ಪದದಲ್ಲೂ 'ತ್ತಿ'ಯೇ ಇರಬೇಕು. 'ತಿ' ಆಗದು, 'ತ್ತು' ಆಗದು. ಹಿಂದುಮುಂದು ಓದಿಸುವ ಸುಳಿವು ಕಟ್ಟುವವರಿಗೆ ತೊಡಕು ಇಲ್ಲೇ. ಕೊಪ್ಪವನ್ನು ತಿರುಗಿಸಿದರೆ 'ಪ್ಪಕೊ' ಆಗುತ್ತದೆ, ಕನ್ನಡದ ಯಾವ ಪದವೂ ಹಾಗೆ ಶುರುವಾಗುವುದಿಲ್ಲ. ಒತ್ತಿಲ್ಲದ ಹೆಸರು ಸಿಕ್ಕರೆ ಮಾತ್ರ ಹಬ್ಬ. ಮಾದರಿಗೆಂದು ಇಲ್ಲೇ ಕಟ್ಟಿದ ಒಂದು ಸುಳಿವು: 'ಸಕಳವೂ ಚೆಲ್ಲಾಪಿಲ್ಲಿಯಾದ ಭದ್ರೆಯ ದಡದ ಊರು (3)'. 'ಚೆಲ್ಲಾಪಿಲ್ಲಿ' ಅಕ್ಷರಗಳನ್ನು ಕಲಸಲು ಹೇಳುತ್ತದೆ. ಸಕಲಕ್ಕೆ ಹಳಗನ್ನಡದಲ್ಲಿ ಬಳಕೆಯಿದ್ದ 'ಸಕಳ'ವನ್ನು ಕಲಸಿದರೆ ಕಳಸ.

ಸಂಧಿಯೂ ಒಳ್ಳೆಯ ಮರೆ. 'ಉದಯಿಸಿ ರೇಖೆ ಎಳೆದರೆ ತೇಜಸ್ವಿ ನೆಲೆಸಿದ್ದ ಊರು (4)' ಎಂದರೆ ಮೂಡಿ, ಗೆರೆ: ಮೂಡಿಗೆರೆ. ಊರಿನ ಹೆಸರಲ್ಲಿ ಇರುವುದು ಕೆರೆ. ಆದೇಶಸಂಧಿ 'ಕ'ವನ್ನು 'ಗ' ಮಾಡಿದ್ದರಿಂದ ಸುಳಿವು ಕಟ್ಟುವವನಿಗೆ ಗೆರೆ ದಕ್ಕಿತು. ಇಂಗ್ಲಿಷಿನ ಆಟಕ್ಕೆ ಈ ಸೌಕರ್ಯವಿಲ್ಲ.

ಕನ್ನಡ ಪತ್ರಿಕೆಗಳಲ್ಲಿ ಪದಬಂಧ ಮನೆಮಾತಾಗಲು ದುಡಿದವರಲ್ಲಿ ಕೋಲಾರ ಜಿಲ್ಲೆಯ ಅಬ್ಬಣಿಯ ಅ. ನಾ. ಪ್ರಹ್ಲಾದರಾವ್ ಪ್ರಮುಖರು. ಹತ್ತಾರು ಸಾವಿರ ಪದಬಂಧ ರಚಿಸಿದ ಅವರ ಹೆಸರು ಲಿಮ್ಕಾ ದಾಖಲೆ ಪುಸ್ತಕ ಸೇರಿದೆ. ಪತ್ರಿಕೆಗಳ ಪದಬಂಧದಲ್ಲಿ ಹೆಚ್ಚಿನ ಸುಳಿವುಗಳು ಅರ್ಥ, ಪುರಾಣ, ಸಿನಿಮಾ, ಗಾದೆಗಳನ್ನು ನೆಚ್ಚಿಕೊಂಡಿವೆ. ನಡುನಡುವೆ 'ಬಲದಿಂದ ಎಡಕ್ಕೆ', 'ಅಸ್ತವ್ಯಸ್ತವಾಗಿದೆ' ಎಂಬ ಸೂಚನೆ ಬರುತ್ತದೆ. ಪೂರ್ತಿ ಗೂಢವಾದ ಪದಬಂಧ ಕನ್ನಡದಲ್ಲಿ ಇನ್ನಷ್ಟು ಬೆಳೆಯಬೇಕು. ಮುಂಡಿಗೆ ಹಾಡಿದ ಭಾಷೆಗೆ ಅದು ಸಲ್ಲಬೇಕಾದದ್ದು.

ಪತ್ರಿಕೆಯ ಪದಬಂಧಕ್ಕೆ ಉತ್ತರ ಅಚ್ಚಾಗುವುದು ಮುಂದಿನ ಸಂಚಿಕೆಯಲ್ಲಿ. ಅಲ್ಲಿಯವರೆಗೆ ಉಳಿದ ಎರಡು ಮನೆ ತಲೆ ತಿನ್ನುತ್ತವೆ, ಆಗ ಜೊತೆಗಾರರ ನೆನಪಾಗುತ್ತದೆ. ಉತ್ತರವನ್ನೇ ಒದರಿಬಿಟ್ಟರೆ ಕೇಳಿದವನ ಸಂತೋಷವನ್ನು ಕಸಿದಂತೆ. ಹಾಗಾಗಿ ಮೊದಲು ಸುಳಿವಿನಲ್ಲಿ ಅರ್ಥ ಎಲ್ಲಿ ಮುಗಿಯುತ್ತದೆಂದು ತೋರಿಸಿ, ಆಮೇಲೆ ಯಾವ ಪದ ಆಜ್ಞೆ ಕೊಡುತ್ತಿದೆಯೆಂದು ಹೇಳುವುದು ಒಳ್ಳೆಯದು. ಕಾಗುಣಿತ ಇನ್ನೂ ಒಂದು ಮೆಟ್ಟಿಲು ಒದಗಿಸುತ್ತದೆ: ವ್ಯಂಜನ ಬಿಟ್ಟುಕೊಡದೆ ಅದರ ಸ್ವರವನ್ನಷ್ಟೇ ಹೇಳಬಹುದು. 'ತೋಟದಾಚೆ ನಿಂತು ಪೀಡಿಸು (2)' ಎಂಬ ಸುಳಿವಿಗೆ ಸಿಕ್ಕಿಬಿದ್ದ ಗೆಳೆಯನಿಗೆ ಇಷ್ಟು ಸಾಕು: ಮೊದಲ ಮನೆಗೆ ಇಳಿ, ಎರಡನೆಯದಕ್ಕೆ ಕೊಂಬು.