ಸುರಿಯುವ ಮಳೆ, ಬತ್ತುವ ಬಾವಿ

ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುತ್ತದೆ. ಆದರೂ ಮೇ ಬಂತೆಂದರೆ ಅನೇಕ ಬಾವಿಗಳ ತಳ ಕಾಣುತ್ತದೆ. ಏಕೆ?

ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಬಂದುಹೋಗುತ್ತದೆ. ಘಟ್ಟ ಕಡಲಿಗೆ ಹತ್ತಿರವಿರುವುದರಿಂದ ನೀರು ಬೇಗನೆ ಸಮುದ್ರ ಸೇರುತ್ತದೆ. ಚಿರೆಕಲ್ಲಿನ ನೆಲ ಹೀರಿದ ನೀರನ್ನು ಬಹುಕಾಲ ಹಿಡಿದಿಡದು. ಬೇಸಿಗೆಯಲ್ಲಿ ಹೊಳೆಯ ಹರಿವು ತಗ್ಗಿದಾಗ ಭರತದ ಉಪ್ಪುನೀರು ಒಳಬರುತ್ತದೆ.

ಹಿಂದಿನವರು ಇದನ್ನು ಅರಿತಿದ್ದರು. ಕುಮಟಾ ಬಳಿಯ ಮಿರ್ಜಾನ್ ಕೋಟೆಯನ್ನೇ ನೋಡಿ. 16ನೇ ಶತಮಾನದಲ್ಲಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಆಳ್ವಿಕೆಗೆ ಸೇರಿದ್ದ ಈ ಕೋಟೆಗೆ ಅಘನಾಶಿನಿ ಹೊಳೆ ಸಮೀಪದಲ್ಲೇ ಇದೆ. ಆದರೂ ಕೋಟೆಯೊಳಗೆ ಹಲವು ಬಾವಿಗಳನ್ನು ತೋಡಿದ್ದಾರೆ. ರೈತರು ಮಳೆಗಾಲ ಮುಗಿದೊಡನೆ ಹಳ್ಳಗಳಿಗೆ ಕಲ್ಲುಮಣ್ಣಿನ ಒಡ್ಡು ಹಾಕುತ್ತಿದ್ದರು. ನಿಂತ ನೀರು ತೋಟಕ್ಕೂ ಒದಗುತ್ತಿತ್ತು, ಇಂಗಿ ಬಾವಿಗೂ ಸೇರುತ್ತಿತ್ತು.

ಹಗ್ಗ ಹಿಡಿದು ಸೇದುವಾಗ ಪ್ರತಿ ಕೊಡಕ್ಕೂ ಲೆಕ್ಕವಿತ್ತು. ಪಂಪ್‌ಸೆಟ್ ಬಂದ ಮೇಲೆ ಆ ಲೆಕ್ಕ ತಪ್ಪಿತು. ಈಗ ಹೊಸ ಲೆಕ್ಕ ಹಾಕೋಣ: 100 ಚದರ ಮೀಟರ್ ಮಾಡಿನ ಮೇಲೆ 3,000 ಮಿ.ಮೀ. ಮಳೆ ಬಿದ್ದರೆ ಅದು 3 ಲಕ್ಷ ಲೀಟರ್ ನೀರು! ಅದರಲ್ಲಿ ಸ್ವಲ್ಪವನ್ನಾದರೂ ಸೋಸಿ ಬಾವಿಯ ಬಳಿ ಇಂಗಿಸಬಹುದು. ಒಡ್ಡುಗಳನ್ನು ಮತ್ತೆ ಹಾಕಬಹುದು. ಮೇ ತಿಂಗಳ ನೀರನ್ನು ಉಳಿಸಬೇಕಾದದ್ದು ಮೇ ತಿಂಗಳಲ್ಲಲ್ಲ, ಮಳೆಗಾಲದಲ್ಲಿ.