ಅರಸರ ಮೇಜಿನ ಮೇಲೆ ಶಾರ್ಕ್ ಹಲ್ಲು

ಯೂರೋಪಿನ ಅರಸರಿಗೆ ಒಂದು ಕಾಲದಲ್ಲಿ ವಿಷದ ಭಯ ವಿಪರೀತ. ಅದಕ್ಕಾಗಿ ಊಟದ ಮೇಜಿನ ಮೇಲೆ ಬೆಳ್ಳಿಯ ಪುಟ್ಟ ಮರವಿಟ್ಟು, ಕೊಂಬೆಗಳಿಗೆ ತ್ರಿಕೋನಾಕಾರದ ಕಲ್ಲುಗಳನ್ನು ತೂಗುಬಿಡುತ್ತಿದ್ದರು. ವಿಷ ಹತ್ತಿರ ಬಂದರೆ ಕಲ್ಲು ಬೆವರುತ್ತದೆಂಬ ನಂಬಿಕೆ. ಇಂಥ ಮರವನ್ನು ವಿಯೆನ್ನಾದಲ್ಲಿ ಈಗಲೂ ನೋಡಬಹುದು.

ಈ ಕಲ್ಲುಗಳಿಗೆ ಹೆಸರಾದದ್ದು ಮಾಲ್ಟಾ ದ್ವೀಪ. ಅಲ್ಲಿ ಸಂತ ಪೌಲನಿಗೆ ಹಾವು ಕಚ್ಚಿತೆಂದೂ, ಅವನ ಶಾಪದಿಂದ ಹಾವುಗಳ ನಾಲಿಗೆ ಕಲ್ಲಾಯಿತೆಂದೂ ಜನ ಹೇಳುತ್ತಿದ್ದರು.

1666ರಲ್ಲಿ ಇಟಲಿಯ ಲಿವೊರ್ನೊ ಬಳಿ ಬೆಸ್ತರು ಭಾರಿ ಶಾರ್ಕೊಂದನ್ನು ಹಿಡಿದರು. ಟಸ್ಕನಿಯ ದೊರೆ ಎರಡನೇ ಫರ್ಡಿನಾಂಡ್ ಅದರ ತಲೆಯನ್ನು ತರಿಸಿ, ಡೆನ್ಮಾರ್ಕಿನ ವೈದ್ಯ ಸ್ಟೆನೊಗೆ ಕೊಯ್ದು ನೋಡಲು ಹೇಳಿದ. ಬಾಯಿಯಲ್ಲಿ ಅದೇ 'ನಾಲಿಗೆ'ಗಳ ಸಾಲು! ಇವು ಹಲ್ಲುಗಳೆಂದು ಫಾಬಿಯೊ ಕೊಲೊನ್ನಾ 1616ರಲ್ಲೇ ಬರೆದಿದ್ದನೆನ್ನಿ. ಸ್ಟೆನೊ ಇನ್ನೂ ಮುಂದೆ ಹೋದ. ಕಡಲಿನ ಹಲ್ಲು ಬಂಡೆಯೊಳಗೆ ಸೇರಿದ್ದು ಹೇಗೆ? ಆ ಬಂಡೆ ಒಮ್ಮೆ ನೀರಿನಡಿಯ ಕೆಸರಾಗಿತ್ತು. ಕೆಸರು ಪದರಪದರವಾಗಿ ಕೂತಿದ್ದರೆ ಕೆಳಗಿನದು ಹಳೆಯದು, ಮೇಲಿನದು ಹೊಸದು. 1669ರಲ್ಲಿ ಪ್ರಕಟವಾದ ಈ ಸೂತ್ರವನ್ನು ಭೂವಿಜ್ಞಾನ ಇಂದಿಗೂ ಬಿಟ್ಟಿಲ್ಲ.

ಶಾರ್ಕಿನ ಅಸ್ಥಿಪಂಜರ ಮೆತ್ತನೆಯ ಮೃದ್ವಸ್ಥಿಯದು. ಸಾಮಾನ್ಯವಾಗಿ ಉಳಿಯುವುದು ಹಲ್ಲು ಮಾತ್ರ. ಸುಮಾರು 36 ಲಕ್ಷ ವರ್ಷಗಳ ಹಿಂದೆ ಅಳಿದ ಮೆಗಲೊಡಾನ್ ಶಾರ್ಕಿನ ಹಲ್ಲು 15 ಸೆಂಟಿಮೀಟರ್ ದಾಟಿದರೆ ಸಂಗ್ರಾಹಕರು ಮುಗಿಬೀಳುತ್ತಾರೆ. ಆದರೆ ಯಾವ ಪದರದಲ್ಲಿ ಸಿಕ್ಕಿತೆಂದು ಬರೆದಿಡದೆ ಮಾರಿದರೆ ಅದರ ಕಾಲವನ್ನು ಗುರುತಿಸುವುದು ಕಷ್ಟ.

ಸಿಸಿಲಿಯ ಚಿತ್ರಕಾರ ಅಗೊಸ್ಟಿನೊ ಸ್ಕಿಲ್ಲಾ ತಾನು ಕೂಡಿಟ್ಟ ಪಳೆಯುಳಿಕೆಗಳ ಚಿತ್ರ ಬರೆದು 1670ರಲ್ಲಿ ಪುಸ್ತಕ ತಂದ. ಅವನ ಸಂಗ್ರಹ ಈಗ ಕೇಂಬ್ರಿಜ್‌ನ ಸೆಜ್‌ವಿಕ್ ಸಂಗ್ರಹಾಲಯದಲ್ಲಿದೆ.